ಕೆಡದ ಕಂಪ್ಯೂಟರನ್ನು ಕೆಟ್ಟಿತು ಅನ್ನಲು ಇವರು ಯಾರು?

ಬಟನ್ ಒತ್ತಿದರೆ ಎದ್ದು ನಿಲ್ಲುವ, ಕೊಟ್ಟ ಕೆಲಸವನ್ನೆಲ್ಲ ಮಾಡುವ, ಒಂದು ದಿನವೂ ಕೈಕೊಡದ ಕಂಪ್ಯೂಟರನ್ನು ತೋರಿಸಿ ‘ಇದರ ಕಾಲ ಮುಗಿಯಿತು, ಹೊಸದು ತೆಗೆದುಕೊಳ್ಳಿ’ ಅಂದರೆ ಮೈ ಉರಿಯದೆ ಇರುತ್ತದೆಯೇ? ನನಗಂತೂ ಉರಿಯುತ್ತಿದೆ. ಕೆಟ್ಟುಹೋಗಿದ್ದರೆ ಸರಿ, ನಾನೇ ಎತ್ತಿ ಆಚೆ ಇಡುತ್ತಿದ್ದೆ. ಕೆಟ್ಟಿಲ್ಲ. ನಿಧಾನವೂ ಆಗಿಲ್ಲ. ಎಲ್ಲೋ ಕೂತ ಮೈಕ್ರೋಸಾಫ್ಟ್‌ನವರು ತಮ್ಮ ವಿಂಡೋಸ್ 11 ಯಾವ ಕಂಪ್ಯೂಟರಿಗೆ ಆಗುತ್ತದೆ ಅಂತ ಒಂದು ಪಟ್ಟಿ ಮಾಡಿದರು, ಅದರಲ್ಲಿ ಇದರ ಪ್ರೊಸೆಸರ್ ಹೆಸರಿಲ್ಲ. ಅಷ್ಟಕ್ಕೇ ಲಕ್ಷಗಟ್ಟಲೆ ಮನೆಗಳ ಕಂಪ್ಯೂಟರುಗಳು ಒಂದೇ ದಿನ ಹಳೆಯವಾಗಿಬಿಟ್ಟವು.

ವಿಂಡೋಸ್ 10 ಬಂದದ್ದು 2015ರ ಜುಲೈ 29ಕ್ಕೆ. ಸಪೋರ್ಟ್ ನಿಂತದ್ದು 2025ರ ಅಕ್ಟೋಬರ್ 14ಕ್ಕೆ. ಹತ್ತು ವರ್ಷ ಕೊಟ್ಟಿದ್ದಾರಲ್ಲ, ಇನ್ನೇನು ಬೇಕು ಅಂತ ಕೇಳುವವರಿದ್ದಾರೆ. ಯಾರಿಗೆ ಕೊಟ್ಟರು ಹತ್ತು ವರ್ಷ? ಮೊದಲ ದಿನವೇ ಹಾಕಿಸಿಕೊಂಡವರಿಗೆ. ಅದರ ಲೈಸೆನ್ಸನ್ನು 2023ರ ಜನವರಿ 31ರವರೆಗೂ ಮಾರಿದ್ದಾರೆ. ಆ ತಿಂಗಳು ದುಡ್ಡು ಕೊಟ್ಟು ಕೊಂಡವರಿಗೆ ಸಿಕ್ಕಿದ್ದು ಮೂರು ವರ್ಷವೂ ಇಲ್ಲ. ಇದು ಎಲ್ಲಿಯ ಲೆಕ್ಕ? ಸಪೋರ್ಟ್ ನಿಂತರೆ ಯಂತ್ರವೇನೂ ನಿಲ್ಲುವುದಿಲ್ಲ, ಭದ್ರತಾ ಅಪ್‌ಡೇಟ್ ನಿಲ್ಲುತ್ತದೆ. ಆದರೆ ಬ್ಯಾಂಕಿನ ವ್ಯವಹಾರ, ಮಕ್ಕಳ ಓದು, ಮನೆಯ ಕಾಗದಪತ್ರ ಎಲ್ಲ ಒಂದೇ ಯಂತ್ರದಲ್ಲಿರುವ ಮನೆಯಲ್ಲಿ ಭದ್ರತಾ ಅಪ್‌ಡೇಟ್ ಇಲ್ಲದೆ ಎಷ್ಟು ದಿನ ಧೈರ್ಯವಾಗಿ ಕೂರಲು ಆಗುತ್ತದೆ? ಹಾಗಾಗಿ ‘ನಿಮಗೆ ಬೇಡವಾದರೆ ಹೋಗಬೇಡಿ, ಹಳೆಯದರಲ್ಲೇ ಇರಿ’ ಅನ್ನುವ ಮಾತಿಗೆ ಅರ್ಥವಿಲ್ಲ. ಅದು ಆಯ್ಕೆ ಅಲ್ಲ, ಹೆದರಿಕೆ.

ಸರಿ, ವಿಂಡೋಸ್ 11ಕ್ಕೆ ಹೋಗೋಣ ಅಂತ ನಿಯಮ ಓದಿದರೆ ಮೊದಲಿಗೆ ಏನೂ ಅನ್ನಿಸುವುದಿಲ್ಲ. ಎರಡು ಕೋರ್ ಇರುವ 1 ಗಿಗಾಹರ್ಟ್ಜ್ ಪ್ರೊಸೆಸರ್, 4 ಜಿಬಿ ರ್‍ಯಾಮ್, 64 ಜಿಬಿ ಜಾಗ. ಇಷ್ಟೂ ಇಲ್ಲದ ಕಂಪ್ಯೂಟರ್ ಹುಡುಕುವುದೇ ಕಷ್ಟ. ಕತ್ತರಿ ಇರುವುದು ಮುಂದಿನ ಸಾಲುಗಳಲ್ಲಿ. ಗುಪ್ತ ಕೀಗಳನ್ನು ಭದ್ರವಾಗಿಡುವ ಟಿಪಿಎಂ 2.0 ಅನ್ನುವ ಸೌಲಭ್ಯ ಇರಬೇಕು, ಆನ್ ಆಗುವಾಗ ನಂಬಿಕಸ್ಥ ಸಾಫ್ಟ್‌ವೇರನ್ನು ಮಾತ್ರ ಓಡಲು ಬಿಡುವ ಸೆಕ್ಯೂರ್ ಬೂಟ್‌ಗೆ ಒಗ್ಗಬೇಕು, ಪ್ರೊಸೆಸರ್ ಅವರ ಪಟ್ಟಿಯಲ್ಲಿರಬೇಕು. ಇಂಟೆಲ್ ಆದರೆ ಹೆಚ್ಚುಕಮ್ಮಿ 8ನೇ ಜನರೇಷನ್‌ನಿಂದ ಈಚೆಗೆ, ಎಎಂಡಿ ಆದರೆ ರೈಜನ್ 2000 ಸರಣಿಯಿಂದ ಈಚೆಗೆ.

2017ರ ಜನವರಿಯಲ್ಲಿ ಬಂದ ಇಂಟೆಲ್‌ನ 7ನೇ ಜನರೇಷನ್ ಪ್ರೊಸೆಸರ್ ಐ7-7700 ತೆಗೆದುಕೊಳ್ಳಿ. ನಾಲ್ಕು ಕೋರ್, ಎಂಟು ಥ್ರೆಡ್, 3.6 ಗಿಗಾಹರ್ಟ್ಜ್. ಒಂದು ಎಸ್‌ಎಸ್‌ಡಿ ಹಾಕಿ 16 ಜಿಬಿ ರ್‍ಯಾಮ್ ಕೊಟ್ಟರೆ ಇವತ್ತಿಗೂ ವಿಡಿಯೋ ಎಡಿಟಿಂಗ್ ಮಾಡುತ್ತದೆ. ಅದು ಪಟ್ಟಿಯಲ್ಲಿಲ್ಲ. ಅದೇ ವರ್ಷದ ಕೊನೆಗೆ ಬಂದ ಸೆಲೆರಾನ್ ಎನ್4000 ಇದೆಯಲ್ಲ, ಎರಡೇ ಕೋರ್, 1.1 ಗಿಗಾಹರ್ಟ್ಜ್, ಬ್ರೌಸರಿನಲ್ಲಿ ಒಂದಷ್ಟು ಟ್ಯಾಬ್ ತೆರೆದರೆ ಏದುಸಿರು ಬಿಡುವ ಚಿಪ್, ಅದು ಪಟ್ಟಿಯಲ್ಲಿದೆ. ಇದನ್ನು ಯಾರಿಗಾದರೂ ವಿವರಿಸಿ ನೋಡಿ. ನಮ್ಮ ಅಪ್ಪನಿಗೆ ಕಂಪ್ಯೂಟರಿನ ಒಳಗುಟ್ಟು ಏನೂ ಗೊತ್ತಿಲ್ಲ. ‘ಚೆನ್ನಾಗಿರೋದನ್ನು ಬಿಟ್ಟು ಕುಂಟೋದನ್ನು ಒಳಗೆ ಬಿಟ್ಟುಕೊಳ್ಳೋದು ಯಾಕಪ್ಪಾ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕೆಂದರೆ ಉತ್ತರವೇ ಇಲ್ಲ.

ಭದ್ರತೆಗಾಗಿ ಅನ್ನುತ್ತಾರೆ. ಆ ಭದ್ರತೆಯ ಮಾತನ್ನೇ ನೋಡೋಣ. ಟಿಪಿಎಂ 2.0 ಬೇಕಾ? 7ನೇ ಜನರೇಷನ್‌ನ ಬಹುತೇಕ ಯಂತ್ರಗಳಲ್ಲಿ ಪ್ರೊಸೆಸರಿನ ಜೊತೆಗೇ ಬರುತ್ತದೆ. ಸೆಕ್ಯೂರ್ ಬೂಟ್ ಬೇಕಾ? ಅದೂ ಇದೆ. ಹೊಸ ವಿಂಡೋಸ್‌ನಲ್ಲಿ ಕೆಟ್ಟ ಕೋಡ್ ವಿಂಡೋಸ್‌ನ ಒಳತಿರುಳಿಗೆ ನುಸುಳದಂತೆ ತಡೆಯುವ ಮೆಮೊರಿ ಇಂಟೆಗ್ರಿಟಿ ಅನ್ನುವ ರಕ್ಷಣೆ ಇದೆ, ಅದು ಚುರುಕಾಗಿ ನಡೆಯಲು ಎಂಬಿಇಸಿ ಅನ್ನುವ ಸೌಲಭ್ಯ ಪ್ರೊಸೆಸರಿನಲ್ಲಿರಬೇಕು. ಅದು ಇಂಟೆಲ್‌ನಲ್ಲಿ ಶುರುವಾದದ್ದೇ ಕೇಬಿ ಲೇಕ್‌ನಿಂದ, ಅಂದರೆ 7ನೇ ಜನರೇಷನ್‌ನಿಂದ. ಎಎಂಡಿಯಲ್ಲಿ ಇಂಥದ್ದು ಬಂದದ್ದು ಝೆನ್ 2 ಚಿಪ್‌ಗಳಿಂದ, ಅಂದರೆ ರೈಜನ್ 2000 ಸರಣಿಯ ನಂತರ ಬಂದವುಗಳಿಂದ. ಹಾಗಂತ ವಿಂಡೋಸ್ ತಯಾರಿಸುವವರ ತಾಂತ್ರಿಕ ದಾಖಲೆಯಲ್ಲೇ ಬರೆದಿದೆ. ಆದರೆ ಆಗಿರುವುದೇನು? ಈ ಸೌಲಭ್ಯ ಇರುವ 7ನೇ ಜನರೇಷನ್ ಹೊರಗೆ, ಇಲ್ಲದ ರೈಜನ್ 2000 ಡೆಸ್ಕ್‌ಟಾಪ್ ಚಿಪ್‌ಗಳು ಒಳಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು.

ಇನ್ನೂ ಒಂದಿದೆ, ನನಗೆ ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿದದ್ದು ಇದಕ್ಕೆ. 7ನೇ ಜನರೇಷನ್‌ಗೆ ಪೂರ್ತಿ ಬಾಗಿಲು ಮುಚ್ಚಿಲ್ಲ. ಐ7-7820ಎಚ್‌ಕ್ಯೂ ಅನ್ನುವ ಪ್ರೊಸೆಸರ್‌ಗೆ ವಿನಾಯಿತಿ ಕೊಟ್ಟಿದ್ದಾರೆ. ಆ ಪ್ರೊಸೆಸರ್ ಎಲ್ಲಿದೆ ಗೊತ್ತೇ? 2018ರಲ್ಲಿ ಬಂದ ಸರ್ಫೇಸ್ ಸ್ಟುಡಿಯೋ 2 ಒಳಗೆ, ವಿಂಡೋಸ್ ಮಾಡುವವರೇ ಮಾರಿದ ದುಬಾರಿ ಕಂಪ್ಯೂಟರಿನೊಳಗೆ. ಆಧುನಿಕ ಡ್ರೈವರ್‌ಗಳೊಂದಿಗೆ (ಯಂತ್ರದ ಭಾಗಗಳನ್ನು ವಿಂಡೋಸ್ ಜೊತೆ ಮಾತಾಡಿಸುವ ಸಾಫ್ಟ್‌ವೇರ್) ಬಂದ ಯಂತ್ರಗಳಿಗೆ ಮಾತ್ರ ಈ ವಿನಾಯಿತಿ ಅನ್ನುವುದು ಅವರ ಸಮಜಾಯಿಷಿ. ಹಾಗಾದರೆ ಚಿಪ್ಪಿನಲ್ಲಿ ತಪ್ಪಿಲ್ಲ ಅಂತಾಯಿತು. ಅವರ ಸಾಮಾನಿಗೆ ಒಂದು ನ್ಯಾಯ, ಊರವರ ಸಾಮಾನಿಗೆ ಇನ್ನೊಂದು. ಅಂಗೈ ಹುಣ್ಣು ನೋಡಲು ಕನ್ನಡಿ ಬೇಕಿಲ್ಲ.

ಪಟ್ಟಿಯಲ್ಲಿ ಹೆಸರಿರುವವರ ಪಾಡಾದರೂ ಸುಖವೇ? ಅದೂ ಇಲ್ಲ. ಟಿಪಿಎಂ ಯಂತ್ರದಲ್ಲಿ ಇರುತ್ತದೆ, ಆದರೆ ಬಯೋಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯಬೇಕಾದ ಸೆಟ್ಟಿಂಗ್ ಪುಟದಲ್ಲಿ, ಆಫ್ ಆಗಿರುತ್ತದೆ. ಆನ್ ಮಾಡಲು ಹೋದರೆ ‘ಟಿಪಿಎಂ’ ಅನ್ನುವ ಹೆಸರೇ ಅಲ್ಲಿ ಕಾಣುವುದಿಲ್ಲ. ಇಂಟೆಲ್ ಬೋರ್ಡಿನಲ್ಲಿ ‘ಪಿಟಿಟಿ’ ಅಂತಿರುತ್ತದೆ, ಎಎಂಡಿಯಲ್ಲಿ ‘ಎಫ್‌ಟಿಪಿಎಂ’ ಅಂತಿರುತ್ತದೆ, ಅದೂ ಒಂದೊಂದು ಬೋರ್ಡಿನಲ್ಲಿ ಒಂದೊಂದು ಮೆನುವಿನೊಳಗೆ ಅಡಗಿರುತ್ತದೆ. ಅದು ಸಿಕ್ಕಿತು ಅನ್ನಿ, ಮುಂದಿನದು ಸೆಕ್ಯೂರ್ ಬೂಟ್. ಅದಕ್ಕೆ ಯಂತ್ರ ಲೆಗಸಿ ಮೋಡ್ ಅನ್ನುವ ಹಳೆಯ ಬೂಟ್ ರೀತಿ ಬಿಟ್ಟು ಯುಇಎಫ್‌ಐ ಅನ್ನುವ ಹೊಸದಕ್ಕೆ ಬರಬೇಕು. ಡಿಸ್ಕನ್ನು ಎಂಬಿಆರ್ ಅನ್ನುವ ಹಳೆಯ ರೀತಿಯಲ್ಲಿ ಭಾಗ ಮಾಡಿದ್ದರೆ ಮೊದಲು ಜಿಪಿಟಿ ಅನ್ನುವ ಹೊಸ ರೀತಿಗೆ ಬದಲಿಸಿಕೊಳ್ಳಬೇಕು. ಬದಲಿಸದೆ ಬಯೋಸ್‌ನಲ್ಲಿ ಸೆಟ್ಟಿಂಗ್ ಮಾತ್ರ ತಿರುಗಿಸಿದರೆ ಮುಂದಿನ ಸಲ ಆನ್ ಮಾಡಿದಾಗ ಬೂಟ್ ಆಗುವ ಡಿಸ್ಕೇ ಇಲ್ಲ ಅನ್ನುತ್ತದೆ. ಕಪ್ಪು ಪರದೆ, ಬಿಳಿ ಅಕ್ಷರ, ಮುಂದೇನು ಮಾಡಬೇಕು ಅನ್ನುವ ಒಂದು ಸಾಲೂ ಇಲ್ಲ. ಎಂಬಿಆರ್‌ಟುಜಿಪಿಟಿ ಅನ್ನುವ ಸಲಕರಣೆ ವಿಂಡೋಸ್ 10 ಒಳಗೇ ಇದೆ ನಿಜ. ಅದನ್ನು ಓಡಿಸಲು ಕಮಾಂಡ್ ಟೈಪ್ ಮಾಡಬೇಕು. ಮನೆಯಲ್ಲಿ ಫೋಟೋ ನೋಡಲು, ಬಿಲ್ ಕಟ್ಟಲು ಕಂಪ್ಯೂಟರ್ ಇಟ್ಟುಕೊಂಡವರಿಗೆ ಇದು ಹೇಳುವ ಮಾತೇ? ಎಷ್ಟೋ ಜನ ಇದನ್ನು ನೋಡಿ ಗಾಬರಿಯಾಗಿ ‘ನಮ್ಮ ಯಂತ್ರ ಆಗಲ್ಲವಂತೆ’ ಅಂತ ಹೊಸದು ಕೊಂಡುಬಿಟ್ಟಿದ್ದಾರೆ. ಒಳಗೆ ಒಂದು ಸ್ವಿಚ್ ಆಫ್ ಆಗಿತ್ತು, ಅಷ್ಟೇ.

ಈ ಗೊಂದಲ ಮೊದಲ ದಿನದಿಂದಲೂ ಇದೆ. 2021ರ ಜೂನ್‌ನಲ್ಲಿ ವಿಂಡೋಸ್ 11 ಘೋಷಣೆಯಾದಾಗ, ನಿಮ್ಮ ಕಂಪ್ಯೂಟರ್ ಆಗುತ್ತದೋ ಇಲ್ಲವೋ ನೋಡಿಕೊಳ್ಳಿ ಅಂತ ಪಿಸಿ ಹೆಲ್ತ್ ಚೆಕ್ ಅನ್ನುವ ಆ್ಯಪ್ ಕೊಟ್ಟರು. ಅದು ಆಗುವುದಿಲ್ಲ ಅನ್ನುತ್ತಿತ್ತೇ ಹೊರತು ಯಾಕೆ ಅಂತ ಸರಿಯಾಗಿ ಹೇಳುತ್ತಿರಲಿಲ್ಲ. ಜನ ಬೈದ ಮೇಲೆ ವಾಪಸ್ ತೆಗೆದುಕೊಂಡರು, ಸೆಪ್ಟೆಂಬರ್‌ನಲ್ಲಿ ಸರಿಮಾಡಿ ಮತ್ತೆ ಬಿಟ್ಟರು. ಕೋಟ್ಯಂತರ ಜನರ ಮನೆಯ ಯಂತ್ರದ ಹಣೆಬರಹ ಹೇಳುವ ಆ್ಯಪನ್ನು ಹೀಗಾ ಬಿಡೋದು?

ಹಳೆಯದರಲ್ಲೇ ಉಳಿದವರಿಗೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಅಂತ ಘೋಷಿಸಿದರು, 2026ರ ಅಕ್ಟೋಬರ್ 13ರವರೆಗೆ. ಅದಕ್ಕೆ ದುಡ್ಡು ಕೊಡಬೇಕು, ಇಲ್ಲವೇ ಅವರ ರಿವಾರ್ಡ್ಸ್ ಪಾಯಿಂಟ್ 1000 ಇರಬೇಕು, ಅದೂ ಇಲ್ಲದಿದ್ದರೆ ನಿಮ್ಮ ಸೆಟ್ಟಿಂಗ್‌ಗಳನ್ನು ಅವರ ಕ್ಲೌಡ್‌ಗೆ ಸಿಂಕ್ ಮಾಡಬೇಕು. ಯಾವುದನ್ನು ಹಿಡಿದರೂ ಅವರ ಆನ್‌ಲೈನ್ ಖಾತೆ ಬೇಕೇ ಬೇಕು. ಯುರೋಪಿನಲ್ಲಿ ಗ್ರಾಹಕರ ಸಂಘಟನೆ ಎದ್ದು ಕೇಳಿತು, ಅಲ್ಲಿನವರಿಗೆ ದುಡ್ಡೂ ಬೇಡ, ಸಿಂಕೂ ಬೇಡ, ಖಾತೆಯಿಂದ ಲಾಗಿನ್ ಆದರೆ ಸಾಕು ಅಂದರು. ಅಂದರೆ ಷರತ್ತು ಇಲ್ಲದೆಯೂ ಕೊಡಲು ಆಗುತ್ತಿತ್ತು. ಕೇಳದವರಿಗೆ ಕೊಡಲಿಲ್ಲ.

ಇನ್ನು ಏನೇನೋ ಪಡಿಪಾಟಲು ಪಟ್ಟು ಅಪ್‌ಗ್ರೇಡ್ ಮುಗಿಸಿದರೆ ಮನೆಯೊಳಗಿನ ಸಾಮಾನೆಲ್ಲ ಜಾಗ ಬದಲಾಯಿಸಿದೆ. ಟಾಸ್ಕ್‌ಬಾರನ್ನು ಪರದೆಯ ಮೇಲಕ್ಕೋ ಪಕ್ಕಕ್ಕೋ ಎಳೆದು ಇಟ್ಟುಕೊಳ್ಳುವ ಸೌಕರ್ಯ ವರ್ಷಾನುವರ್ಷದಿಂದ ಇತ್ತು, ವಿಂಡೋಸ್ 11 ಬಂದಾಗ ಅದನ್ನು ಕಿತ್ತೇ ಹಾಕಿದರು. ರೈಟ್ ಕ್ಲಿಕ್ ಮಾಡಿದರೆ ಬೇಕಾದದ್ದು ಸಿಗುತ್ತಿತ್ತು, ಈಗ ‘ಶೋ ಮೋರ್ ಆಪ್ಷನ್ಸ್’ ಅಂತ ಇನ್ನೊಂದು ಕ್ಲಿಕ್. ಇವು ಸಣ್ಣವು, ರೂಢಿಯಾಗುತ್ತವೆ, ಬಿಡಿ.

ಸಣ್ಣದಲ್ಲದ್ದು ಫೈಲುಗಳ ವಿಷಯ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರನ್ನೂ ಒನ್‌ಡ್ರೈವ್ ಅನ್ನುವ ಅವರ ಆನ್‌ಲೈನ್ ಉಗ್ರಾಣ ಬ್ಯಾಕಪ್ ಮಾಡಲು ಶುರುಮಾಡಿದರೆ ಆ ಫೋಲ್ಡರುಗಳ ವಿಳಾಸವೇ ಬದಲಾಗುತ್ತದೆ. ಪುಕ್ಕಟೆ ಜಾಗ ಬರೀ 5 ಜಿಬಿ. ಒಂದು ಮದುವೆಯ ಫೋಟೋಗಳಿಗೇ ಸಾಲದು. ಜಾಗ ತುಂಬಿತು, ಹೆಚ್ಚು ಜಾಗ ಕೊಂಡುಕೊಳ್ಳಿ ಅಂತ ಶುರುವಾಗುತ್ತದೆ. ಸರಿ, ಬ್ಯಾಕಪ್ ನಿಲ್ಲಿಸೋಣ ಅಂತ ನಿಲ್ಲಿಸಿದರೆ ಡೆಸ್ಕ್‌ಟಾಪ್ ಖಾಲಿ ಕಾಣುವುದುಂಟು. ಫೈಲುಗಳು ಒನ್‌ಡ್ರೈವ್ ಫೋಲ್ಡರಿನೊಳಗೇ ಉಳಿದಿರುತ್ತವೆ. ಗೊತ್ತಿದ್ದವರು ಹುಡುಕುತ್ತಾರೆ. ಗೊತ್ತಿಲ್ಲದ ವಯಸ್ಸಾದವರು ಮೊಮ್ಮಗುವಿನ ಫೋಟೋ ಎಲ್ಲ ಹೋಯಿತು ಅಂತ ಅಳುತ್ತಾರೆ ಕಣ್ರೀ.

ಹಾರ್ಡ್‌ಡಿಸ್ಕ್ ಎನ್‌ಕ್ರಿಪ್ಷನ್ನೂ, ಅಂದರೆ ಕೀ ಇಲ್ಲದವರು ಓದಲಾಗದಂತೆ ಡಿಸ್ಕಿಗೆ ಬೀಗ ಹಾಕುವುದೂ, ಹಾಗೆಯೇ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿ ಆನ್‌ಲೈನ್ ಖಾತೆಯಿಂದ ಒಳಹೋದರೆ ಬಹಳಷ್ಟು ಯಂತ್ರಗಳಲ್ಲಿ ಅದು ತಾನಾಗಿಯೇ ಆನ್ ಆಗುತ್ತದೆ. ಒಳ್ಳೆಯದೇ, ಯಂತ್ರ ಕಳ್ಳತನವಾದರೂ ಒಳಗಿನ ಡೇಟಾ ಕಳ್ಳನ ಕೈಗೆ ಸಿಗುವುದಿಲ್ಲ. ಆದರೆ ಮುಂದೆ ಯಾವತ್ತೋ ಬಯೋಸ್‌ನಲ್ಲಿ ಏನೋ ಬದಲಾದಾಗ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆ ಕೀ ಆನ್‌ಲೈನ್ ಖಾತೆಯಲ್ಲಿರುತ್ತದೆ. ಆ ಖಾತೆಯನ್ನು ಸೆಟಪ್ ಮಾಡಿಕೊಟ್ಟ ಹುಡುಗ ಯಾರೋ, ಪಾಸ್‌ವರ್ಡ್ ಏನೋ. ಹೀಗೊಂದು ಬೀಗ ಬಿದ್ದಿದೆ, ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ ಅಂತ ಇನ್‌ಸ್ಟಾಲ್ ಮಾಡುವಾಗಲೇ ದೊಡ್ಡ ಅಕ್ಷರದಲ್ಲಿ ತೋರಿಸಲು ಏನು ಕಷ್ಟ?

ಈಗ ನಮ್ಮನೆಯ ಸ್ಕ್ಯಾನರಿನ ಕತೆ. ಗಟ್ಟಿಮುಟ್ಟಾದ ಫ್ಲಾಟ್‌ಬೆಡ್ ಸ್ಕ್ಯಾನರ್. ಅಜ್ಜನ ಕೈಬರಹದ ಪತ್ರಗಳು, ಅಂಚು ಮುರಿದ ಕಪ್ಪುಬಿಳುಪು ಫೋಟೋಗಳು ಎಲ್ಲ ಅದರ ಗಾಜಿನ ಮೇಲೆ ಮಲಗಿ ಎದ್ದು ಕಂಪ್ಯೂಟರ್ ಸೇರಿದವು. ಅಪ್‌ಗ್ರೇಡ್ ಆದ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ದೀಪ ಹತ್ತುತ್ತದೆ, ಒಳಗಿನ ಪಟ್ಟಿ ಒಂದಿಂಚು ಸರಿದು ನಿಲ್ಲುತ್ತದೆ, ಅಷ್ಟೇ. ಈ ಡ್ರೈವರ್ ಲೋಡ್ ಆಗುವುದಿಲ್ಲ ಅಂತ ಪರದೆಯ ಮೂಲೆಯಲ್ಲಿ ಸೂಚನೆ. ಅದರ ಡ್ರೈವರನ್ನು ತಡೆಯುತ್ತಿರುವುದು ಮೇಲೆ ಹೇಳಿದ ಅದೇ ಮೆಮೊರಿ ಇಂಟೆಗ್ರಿಟಿ. ಡ್ರೈವರ್ ಹಳೆಯದು, ಹೊಸ ರಕ್ಷಣೆಯ ನಿಯಮಕ್ಕೆ ಒಗ್ಗುವುದಿಲ್ಲ. ಇದರಲ್ಲಿ ನನ್ನ ಸಿಟ್ಟು ಸ್ಕ್ಯಾನರ್ ಮಾಡಿದ ಕಂಪನಿಯ ಮೇಲೆ. ಹೊಸ ಡ್ರೈವರ್ ಬರೆಯಲೇ ಇಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಆ ಮಾಡೆಲ್ ನಿಂತುಹೋಗಿದೆ, ಹೊಸದು ತಗೊಳ್ಳಿ ಅಂದರು. ನಾನು ಒತ್ತಾಯ ಮಾಡಿದ್ದಕ್ಕೆ ‘ಮೆಮೊರಿ ಇಂಟೆಗ್ರಿಟಿ ಆಫ್ ಮಾಡಿಕೊಳ್ಳಿ ಸರ್’ ಅಂದರು! ಯಾವ ಭದ್ರತೆಯ ಹೆಸರಿನಲ್ಲಿ ಇಷ್ಟೆಲ್ಲ ಒದ್ದಾಡಿದೆವೋ ಆ ಭದ್ರತೆಯನ್ನೇ ಆಫ್ ಮಾಡಬೇಕಂತೆ, ಅವರು ಒಂದು ಡ್ರೈವರ್ ಬರೆಯಲು ಒಲ್ಲೆ ಅಂದದ್ದಕ್ಕೆ.

ಕೊನೆಗೆ ಬೇರೊಂದು ಹಳೇ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಮುಕ್ತ ಆಪರೇಟಿಂಗ್ ಸಿಸ್ಟಂ ಹಾಕಿ ಅದೇ ಸ್ಕ್ಯಾನರನ್ನು ಸಿಕ್ಕಿಸಿದೆ. ಯಾವ ಡ್ರೈವರನ್ನೂ ಹುಡುಕಲಿಲ್ಲ, ಪಟ್ಟಿ ಈ ತುದಿಯಿಂದ ಆ ತುದಿಗೆ ಸರಾಗವಾಗಿ ಹೋಯಿತು. ಸೇನ್ ಅನ್ನುವ ಮುಕ್ತ ತಂತ್ರಾಂಶದವರು ಎಂದೋ ಬರೆದಿಟ್ಟ ಕೋಡ್ ಅದು. ತಾವೇ ಮಾಡಿ ಮಾರಿದ ಸಾಮಾನಿಗೆ ಕಂಪನಿ ಮಾಡದ ಕೆಲಸವನ್ನು ಹೊರಗಿನವರು ಮಾಡಿದ್ದಾರೆ.

ಹಾಗಿದ್ದರೆ ಎಲ್ಲರೂ ಲಿನಕ್ಸ್ ಹಾಕಿಕೊಳ್ಳಿ ಅನ್ನುವವರಿಗೂ ಒಂದು ಮಾತು. ನಾನು ಹಾಕಿಕೊಂಡೆ, ಖುಷಿಯಾಗಿದ್ದೇನೆ. ಆದರೆ ಕೆಲಸಕ್ಕೆ ಬೇಕಾದ ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಮಾತ್ರ ಓಡುವಾಗ ಆ ಮನೆಯವರು ಏನು ಮಾಡಬೇಕು? ಇನ್ನು ‘ಬೈಪಾಸ್ ಮಾಡಿ ಹಾಕಿಬಿಡಿ’ ಅನ್ನುವವರು. ಪಟ್ಟಿಯಲ್ಲಿಲ್ಲದ ಯಂತ್ರಕ್ಕೂ ಹಾಕಲು ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ದಾಖಲೆಯಲ್ಲಿ, ಬದಲಾವಣೆ ಮಾಡುವ ಒಂದು ದಾರಿಯನ್ನು ಮೈಕ್ರೋಸಾಫ್ಟ್‌ನವರೇ ಮೊದಲು ತಮ್ಮ ಪುಟದಲ್ಲಿ ಬರೆದಿದ್ದರು, 2025ರಲ್ಲಿ ಅಲ್ಲಿಂದ ಅಳಿಸಿಹಾಕಿದರು. ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಬರುವ ಭರವಸೆ ಇಲ್ಲ ಅಂತಲೂ ಎಚ್ಚರಿಸಿದ್ದಾರೆ. ಮ್ಯಾಕ್ ಕೊಂಡವರೂ ಬೀಗಬೇಕಿಲ್ಲ. ಇಂಟೆಲ್ ಮ್ಯಾಕ್‌ಗಳಿಗೆ ಮ್ಯಾಕ್‌ಒಎಸ್ 26 ತಾಹೋ ಕೊನೆಯದು, ಅದೂ ನಾಲ್ಕೇ ಮಾಡೆಲ್‌ಗಳಿಗೆ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಕಂಪ್ಯೂಟರ್ ಮಾರುವಾಗ ಭದ್ರತಾ ಅಪ್‌ಡೇಟ್ ಯಾವ ತಾರೀಖಿನವರೆಗೆ ಅಂತ ಡಬ್ಬದ ಮೇಲೆ ಅಚ್ಚು ಹಾಕಿ, ನೋಡಿಕೊಂಡು ಕೊಳ್ಳುತ್ತೇವೆ. ಡ್ರೈವರ್ ಬರೆಯುವುದನ್ನು ನಿಲ್ಲಿಸುವುದಾದರೆ ಅದರ ಕೋಡನ್ನು ಹೊರಗೆ ಬಿಡಿ, ಬರೆಯಲು ಮನಸ್ಸಿರುವವರು ಬರೆಯುತ್ತಾರೆ. ಪಟ್ಟಿಯಲ್ಲಿಲ್ಲದ ಯಂತ್ರಕ್ಕೆ ಅಪಾಯ ಹೆಚ್ಚು ಅನ್ನುವುದಾದರೆ ಆ ಅಪಾಯ ಏನೆಂದು ತೋರಿಸಿ, ಒಪ್ಪಿದವರಿಗೆ ಇನ್‌ಸ್ಟಾಲ್ ಮಾಡಲು ಬಿಡಿ, ಅಪ್‌ಡೇಟೂ ಕೊಡಿ. ಯಂತ್ರ ನಮ್ಮದು, ದುಡ್ಡು ಕೊಟ್ಟು ಕೊಂಡದ್ದು ನಾವು. ಅದು ಯಾವಾಗ ಹಳೆಯದಾಯಿತು ಅಂತ ನಾವು ಹೇಳುತ್ತೇವೆ.