ಹಲ್ಲಿಗೆ ನಿಂಬೆ ತಿಕ್ಕಬೇಡಿ, ದಯವಿಟ್ಟು

ಈಗಷ್ಟೇ ಅಕ್ಕನ ಮಗಳ ಕೈಯಿಂದ ನಿಂಬೆಹೋಳು ಕಿತ್ತುಕೊಂಡು ಬಂದು ಕೂತಿದ್ದೇನೆ. 19 ವರ್ಷದ ಹುಡುಗಿ. ಕನ್ನಡಿ ಮುಂದೆ ನಿಂತು, ನಿಂಬೆರಸಕ್ಕೆ ಅಡುಗೆ ಸೋಡಾ ಕಲಸಿ ಹಲ್ಲಿಗೆ ತಿಕ್ಕುತ್ತಿದ್ದಳು. ಎರಡೇ ನಿಮಿಷದಲ್ಲಿ ಹಲ್ಲು ಬೆಳ್ಳಗಾಗುತ್ತೆ ಅಂತ ಯಾವುದೋ ವಿಡಿಯೋದಲ್ಲಿ ತೋರಿಸಿದ್ದರಂತೆ. ನನಗೆ ಸಿಟ್ಟು ಇನ್ನೂ ಇಳಿದಿಲ್ಲ. ಅವಳ ಮೇಲಲ್ಲ, ಆ ವಿಡಿಯೋ ಮಾಡಿದವರ ಮೇಲೆ.

ಹಲ್ಲಿನ ಹೊರಪದರ ಎನಾಮಲ್. ಅದರಲ್ಲಿ ಜೀವಕೋಶಗಳೇ ಇಲ್ಲ. ಚರ್ಮ ತರಚಿದರೆ ಮತ್ತೆ ಬೆಳೆಯುತ್ತದೆ, ಎನಾಮಲ್ ಸವೆದರೆ ಸವೆದಂತೆಯೇ. ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಅದು ಕರಗಲು ಶುರುವಾಗುತ್ತದೆ. ನಿಂಬೆರಸದ್ದು 2ರ ಆಸುಪಾಸು! ಹಾಗೆ ಮೆತ್ತಗಾದ ಪದರದ ಮೇಲೆ ಬ್ರಷ್ ಆಡಿಸಿದರೆ ಏನು ಉಳಿಯುತ್ತದೆ ಹೇಳಿ? ಅದರ ಕೆಳಗಿರುವ ಡೆಂಟಿನ್ ಹಳದಿ ಬಣ್ಣದ್ದು. ಬೆಳ್ಳಗಾಗಲಿ ಅಂತ ತಿಕ್ಕಿ ತಿಕ್ಕಿ, ಆ ಹಳದಿ ಕಾಣುವ ಹಾಗೆ ಮಾಡಿಕೊಳ್ಳುತ್ತೇವೆ.

"ನ್ಯಾಚುರಲ್ ಅಲ್ವಾ ಚಿಕ್ಕಮ್ಮ, ಏನಾಗುತ್ತೆ?" ಅಂದಳು. ಹಣ್ಣಿನಿಂದ ಬಂದರೂ ಆಮ್ಲ ಆಮ್ಲವೇ ಕಣೇ. ಸೋಡಾದ ಮೇಲೆ ನನಗೆ ಅಷ್ಟು ದೂರಿಲ್ಲ, ಎಷ್ಟೋ ಪೇಸ್ಟ್‌ಗಳಲ್ಲೂ ಇರುತ್ತದೆ. ಇದ್ದಿಲ ಪುಡಿ ಮಾತ್ರ ಬೇಡ, ಅದೂ ಉಜ್ಜಿ ಉಜ್ಜಿ ಹಲ್ಲು ಸವೆಸುತ್ತದೆ. ಆದರೆ ನಿಂಬೆ? ಅದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಯಾಕೆ ಅಂತ ಇವತ್ತು ಹೇಳಿಬಿಡುತ್ತೇನೆ. ನನ್ನ ಮದುವೆಗೆ ಮುಂಚೆ ಒಂದು ತಿಂಗಳು ದಿನಾ ಇದನ್ನೇ ಮಾಡಿದ್ದೆ. ಈಗ ತಣ್ಣೀರು ಗುಟುಕರಿಸಿದರೂ ಹಲ್ಲು ಜುಮ್ಮೆನ್ನುತ್ತದೆ. ಇಷ್ಟು ವರ್ಷ ಮನೆಯವರಿಗೂ ಹೇಳಿರಲಿಲ್ಲ.

ಮನೆಯಲ್ಲೇ ಮಾಡಿಕೊಳ್ಳುವ ಒಳ್ಳೆಯ ದಾರಿ ಇಲ್ಲ ಅಂತಲ್ಲ. ಟೀ, ಕಾಫಿ, ತಂಬಾಕಿನ ಕಲೆ ಹೊರಗೇ ಕೂತಿದ್ದರೆ ದಂತವೈದ್ಯರ ಹತ್ತಿರ ಒಮ್ಮೆ ಕ್ಲೀನಿಂಗ್ ಮಾಡಿಸಿದರೂ ಎಷ್ಟೋ ವಾಸಿ. ಒಳಗಿನ ಬಣ್ಣ ತಿಳಿಯಾಗಬೇಕಾದರೆ ಪೆರಾಕ್ಸೈಡ್ ಅನ್ನುವ ಬ್ಲೀಚ್ ಮಾಡುವ ರಾಸಾಯನಿಕ ಬೇಕು. ದಂತವೈದ್ಯರು ನಮ್ಮ ಹಲ್ಲಿನ ಅಳತೆಗೆ ಟ್ರೇ, ಅಂದರೆ ಹಲ್ಲಿನ ಮೇಲೆ ಕೂರುವ ತೆಳು ಅಚ್ಚು, ಮಾಡಿಕೊಡುತ್ತಾರೆ. ಅದರಲ್ಲಿ 10% ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಸ್ವಲ್ಪವೇ ಹಾಕಿ ರಾತ್ರಿ ಇಟ್ಟುಕೊಳ್ಳಬೇಕು. 1989ರಿಂದಲೂ ಇರುವ ವಿಧಾನ ಇದು. ಎರಡು ವಾರದಷ್ಟು ತಾಳ್ಮೆ ಬೇಕು. ನಡುವೆ ಹಲ್ಲು ಜುಮ್ಮೆಂದರೆ ಒಂದೆರಡು ದಿನ ಬಿಡಬೇಕು. ಹುಳುಕು ಇದ್ದರೆ ಮೊದಲು ಅದನ್ನು ಸರಿಮಾಡಿಸಿಕೊಳ್ಳಬೇಕು. ಕ್ಯಾಪ್, ಫಿಲ್ಲಿಂಗ್‌ಗಳ ಬಣ್ಣ ಮಾತ್ರ ಇದರಿಂದ ಬದಲಾಗುವುದಿಲ್ಲ.

ಹುಳಿ ತಿಂದ ತಕ್ಷಣ ಬ್ರಷ್ ಮಾಡುವವರೂ ಜಾಸ್ತಿ ಇದ್ದಾರೆ. ಸುಮ್ನೆ ನೀರು ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ.

ಶನಿವಾರ ನಾವಿಬ್ಬರೂ ದಂತವೈದ್ಯರ ಹತ್ತಿರ ಹೋಗುತ್ತಿದ್ದೇವೆ. ಅವಳು ಟ್ರೇ ವಿಚಾರ ಕೇಳಲು, ನಾನು ಇಷ್ಟು ವರ್ಷ ಮುಚ್ಚಿಟ್ಟ ಹಲ್ಲು ತೋರಿಸಲು.