ಊಹೆಗೆ ಸಿಗದಿದ್ದರೆ ಅದು ಸ್ವಾತಂತ್ರ್ಯವಾ?

ಈಗಷ್ಟೇ ಒಂದು ಭಾಷಣದ ವಿಡಿಯೋ ನೋಡಿದೆ. ತಲೆ ಬಿಸಿಯಾಗಿದೆ. ‘ಕ್ವಾಂಟಂ ಜಗತ್ತಿನಲ್ಲಿ, ಅಂದರೆ ಪರಮಾಣುವಿನಂಥ ಸಣ್ಣ ಕಣಗಳ ಲೋಕದಲ್ಲಿ, ಯಾವುದೂ ಮೊದಲೇ ನಿಗದಿಯಾಗಿಲ್ಲ, ಹಾಗಾಗಿ ಮನುಷ್ಯ ಸ್ವತಂತ್ರ’ ಅಂತ ಒಂದೇ ಉಸಿರಿಗೆ ಹೇಳಿಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಆ ‘ಹಾಗಾಗಿ’ ಎಲ್ಲಿಂದ ಬಂತು?

ನಾನು ಭೌತಶಾಸ್ತ್ರದ ಮೇಷ್ಟ್ರು, ನಿಮಗೆಲ್ಲ ಗೊತ್ತು. ಪ್ರತಿ ವರ್ಷ ತರಗತಿಗೆ ಜೋಡಿ ಲೋಲಕ ಒಯ್ಯುತ್ತೇನೆ. ಒಂದು ಕಡ್ಡಿಯ ತುದಿಗೆ ಇನ್ನೊಂದು ಕಡ್ಡಿ, ಅಷ್ಟೇ. ಮೇಲಕ್ಕೆತ್ತಿ ಬಿಟ್ಟರೆ ಕೆಳಗಿನ ಕಡ್ಡಿ ಗಿರ್ರನೆ ತಿರುಗುತ್ತದೆ, ಗಕ್ಕನೆ ನಿಲ್ಲುತ್ತದೆ, ಉಲ್ಟಾ ಹೊರಳುತ್ತದೆ. ಅದೇ ಜಾಗದಿಂದ ಮತ್ತೆ ಬಿಡಿ. ಮೊದಲ ಒಂದೆರಡು ತೂಗಾಟ ಹಾಗೇ ಇರುತ್ತದೆ. ಆಮೇಲೆ ಬೇರೆಯೇ ಕುಣಿತ. ಕೈ ಕೂದಲೆಳೆಯಷ್ಟು ಆಚೀಚೆ ಆಗಿರುತ್ತದೆ, ಅದೇ ಸಾಕು. ನ್ಯೂಟನ್ನನ ನಿಯಮ ಎಲ್ಲೂ ಮುರಿದಿಲ್ಲ. ಆ ಕಡ್ಡಿ ಸ್ವತಂತ್ರ ಅಂತೀರಾ?

1961ರಲ್ಲಿ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ಕಂಡದ್ದೂ ಇದನ್ನೇ. ಕಂಪ್ಯೂಟರಿನಲ್ಲಿ ಹವಾಮಾನದ ಲೆಕ್ಕವನ್ನು ಎರಡನೇ ಸಲ ಓಡಿಸುವಾಗ ಶುರುವಿನ ಒಂದು ಅಂಕಿಯನ್ನು 0.506127 ಬದಲು 0.506 ಅಂತ ಕೊಟ್ಟರು. ಸ್ವಲ್ಪ ಹೊತ್ತು ಎರಡೂ ಜೊತೆಜೊತೆಗೇ ಸಾಗಿದವು. ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲ. ಆ ಲೆಕ್ಕದಲ್ಲಿ ಆಕಸ್ಮಿಕಕ್ಕೆ ಜಾಗವೇ ಇರಲಿಲ್ಲ. ನಮ್ಮ ಊಹೆಗೆ ಸಿಗಲ್ಲ ಅನ್ನೋದು ಬೇರೆ, ನಿಗದಿಯಾಗಿಲ್ಲ ಅನ್ನೋದು ಬೇರೆ.

ಕ್ವಾಂಟಂ ಹಾಗಲ್ಲ, ಅಲ್ಲಿರೋದು ನಿಜವಾದ ಆಕಸ್ಮಿಕ ಅಂತೀರಿ. ವಿಜ್ಞಾನಿಗಳೆಲ್ಲ ಅದನ್ನು ಒಪ್ಪಲ್ಲ, ಆದರೂ ಇರಲಿ. ವಿಕಿರಣ ಸೂಸುವ ಲೋಹ ರೇಡಿಯಂ-226ರ ಒಂದು ಚೂರು ತಗೊಳ್ಳಿ. ಸುಮಾರು 1600 ವರ್ಷದಲ್ಲಿ ಅದರ ಅರ್ಧದಷ್ಟು ಪರಮಾಣುಗಳು ಒಡೆಯುತ್ತವೆ. ಯಾವುದು ಇವತ್ತು, ಯಾವುದು ಸಾವಿರ ವರ್ಷದ ಮೇಲೆ, ಯಾರೂ ಹೇಳಲಾರರು. ಆದರೆ ಒಡೆಯಬೇಕು ಅಂತ ಪರಮಾಣು ಯೋಚನೆ ಮಾಡಿತಾ? ನನ್ನ ತಲೆಯೊಳಗೆ ಅಂಥದ್ದೊಂದು ಸಿಡಿದು ಕೈ ಮೇಲೆದ್ದರೆ ಅದು ನನ್ನ ಕೆಲಸ ಅಲ್ಲವೇ ಅಲ್ಲ. ಮೈಗೆ ಬಡಿದ ಗಾಳಿ ಅಷ್ಟೇ.

‘ಸರಿ, ಸ್ವಾತಂತ್ರ್ಯವೇ ಇಲ್ಲ ಅನ್ನಿ, ಲಿಬೆಟ್ ತೋರಿಸಿದ್ರಲ್ಲ’ ಅಂತ ಇನ್ನು ಕೆಲವರು. ನರವಿಜ್ಞಾನಿ ಬೆಂಜಮಿನ್ ಲಿಬೆಟ್ ಅವರ 1983ರ ಪ್ರಯೋಗ ಅದು. ಕೈ ಆಡಿಸುವ ಮನಸ್ಸಾಯಿತು ಅಂತ ನಮಗೆ ಅರಿವಾಗುವ ಮೊದಲೇ ಮಿದುಳಿನಲ್ಲಿ ಸಿದ್ಧತೆ ಶುರುವಾಗಿರುತ್ತದೆ. ಆದರೆ ಅಲ್ಲಿ ಕೇಳಿದ್ದು ಸುಮ್ನೆ ಮನಸ್ಸು ಬಂದಾಗ ಕೈ ಆಡಿಸಿ ಅಂತ. ಅದಕ್ಕೆ ಕಾರಣವೂ ಬೇಡ, ಯೋಚನೆಯೂ ಬೇಡ. ಬದುಕಿನ ತೀರ್ಮಾನಗಳು ಹಾಗಿರುತ್ತವಾ?

ನಾನು ಸಿಗರೇಟು ಬಿಟ್ಟ ಕಥೆ ಯಾರ ಹತ್ತಿರವೂ ಹೇಳಿಲ್ಲ. ಊಟ ಆದ ಮೇಲೆ ಕೈ ತಾನಾಗಿ ಜೇಬಿಗೆ ಹೋಗೋದು. ಖಾಲಿ ಜೇಬಿನೊಳಗೆ ಮುಷ್ಟಿ ಬಿಗಿದು ನಿಲ್ಲುತ್ತಿದ್ದೆ. ಕೊನೆಯ ದಿನಗಳಲ್ಲಿ ಅಪ್ಪ ಉಸಿರೆಳೆಯುತ್ತಿದ್ದ ಸದ್ದು ಕಿವಿಯಲ್ಲೇ ಇತ್ತು. ಅದಕ್ಕೇ ಬಿಟ್ಟೆ. ಜಗತ್ತಿನ ಕಣಕಣದ ಸ್ಥಿತಿ ಗೊತ್ತಿರುವ ಬುದ್ಧಿಯೊಂದಿದ್ದರೆ ಅದಕ್ಕೆ ಮುಂದಿನದ್ದೆಲ್ಲ ಕಾಣುತ್ತದೆ ಅಂತ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ 1814ರಲ್ಲೇ ಬರೆದರು. ಕಾಣಲಿ ಬಿಡಿ. ನನ್ನ ಹೆಂಡತಿಗೂ ಕಂಡಿತ್ತು. ಮೊದಲ ವಾರವೇ ‘ಈ ಸಲ ನೀವು ಬಿಟ್ಟೇ ಬಿಡ್ತೀರಿ, ನಂಗೊತ್ತು’ ಅಂದಿದ್ದಳು. ಅವಳು ಹೇಳಿದ ಹಾಗೇ ಆಯಿತು. ಅಷ್ಟಕ್ಕೇ, ಬಿಟ್ಟಿದ್ದು ನಾನಲ್ಲ ಅಂತ ಆಗುತ್ತಾ?