ಲಾರಿಯ ಹಗ್ಗ ಬಿಗಿಯುವ ಹೊಣೆ ಯಾರದು?

ಕೋಲಾರದ ಎಪಿಎಂಸಿ ಮಾರುಕಟ್ಟೆಯಿಂದ ಟೊಮೆಟೊ ತುಂಬಿಕೊಂಡು ರಾಷ್ಟ್ರೀಯ ಹೆದ್ದಾರಿ 75ಕ್ಕೆ ಸೇರುವ ಕ್ಯಾಂಟರ್‌ಗಳನ್ನು ಕಂಡಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ. ಕ್ರೇಟುಗಳನ್ನು ಜೋಡಿಸಿಕೊಟ್ಟರೆ ಹಮಾಲಿಗಳ ಕೆಲಸ ಮುಗಿಯಿತು, ಮಂಡಿಯವರಿಗೆ ಗಾಡಿ ಬೇಗ ಹೊರಟರೆ ಸಾಕು. ಉಳಿದದ್ದೆಲ್ಲ ಚಾಲಕ, ಕ್ಲೀನರ್ ಮತ್ತು ಒಂದು ನೈಲಾನ್ ಹಗ್ಗದ ಪಾಲಿಗೆ.

ಸರಕಿನ ಮೇಲಿಂದ ಅಡ್ಡಲಾಗಿ ಹಾಯಿಸಿದ ಹಗ್ಗ ಅದನ್ನು ಹಿಡಿದು ನಿಲ್ಲಿಸುತ್ತದೆ ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ವಾಸ್ತವವಾಗಿ ಅದು ಸರಕನ್ನು ಕೆಳಕ್ಕೆ ಒತ್ತಿ, ತಳದ ಹಲಗೆಯೊಡನೆ ಘರ್ಷಣೆಯನ್ನು ಹೆಚ್ಚಿಸುತ್ತದೆ, ಅಷ್ಟೆ. ಹಗ್ಗ ನೆಟ್ಟಗೆ ಕೆಳಗಿಳಿದಷ್ಟೂ ಈ ಒತ್ತಡ ಹೆಚ್ಚು; ತಳಕ್ಕೆ 30 ಡಿಗ್ರಿ ಕೋನದಲ್ಲಿ ವಾಲಿದ್ದರೆ ಎಷ್ಟೇ ಎಳೆದು ಕಟ್ಟಿದರೂ ಆ ಎಳೆತದ ಅರ್ಧ ಮಾತ್ರ ಕೆಳಕ್ಕೆ ಒತ್ತುತ್ತದೆ. ಸರಕು ಕಟ್ಟುವ ಲೆಕ್ಕಾಚಾರಕ್ಕೆಂದೇ ಇರುವ ಯುರೋಪಿನ ಇಎನ್ 12195 ಮಾನದಂಡವು, ಸರಕಿನ ತೂಕದ ಶೇ. 80ರಷ್ಟು ಬಲವನ್ನು ಮುಂದಕ್ಕೂ ಶೇ. 50ರಷ್ಟನ್ನು ಪಕ್ಕಕ್ಕೂ ಹಿಂದಕ್ಕೂ ತಡೆಯುವಂತೆ ಕಟ್ಟಬೇಕೆನ್ನುತ್ತದೆ. ಅಂದರೆ 10 ಟನ್ನಿನ ಗ್ರಾನೈಟ್ ಬ್ಲಾಕ್ ಹೊತ್ತ ಲಾರಿ ಗಕ್ಕನೆ ಬ್ರೇಕ್ ಹಾಕಿದರೆ, 8 ಟನ್ ತೂಕಕ್ಕೆ ಸಮನಾದ ಬಲ ಚಾಲಕನ ಬೆನ್ನ ಹಿಂದೆ ನುಗ್ಗುತ್ತದೆ. ಬ್ಲಾಕನ್ನು ಮುಂದಿನ ತಡೆಗೋಡೆಗೆ ಒತ್ತರಿಸಿ ಇಡಬೇಕು ಎನ್ನುವುದು ಅದಕ್ಕೇ. ಕಲ್ಲಿನ ಒರಟು ಅಂಚು ಹಗ್ಗವನ್ನು ಗರಗಸದಂತೆ ತಿನ್ನುತ್ತದೆ. ಅನುಭವಿ ಚಾಲಕರು ಅಲ್ಲಿ ಹಳೆಯ ಟೈರಿನ ತುಂಡೊಂದನ್ನು ಸಿಕ್ಕಿಸುವುದುಂಟು. ಪುಸ್ತಕ ಓದದೆಯೇ ಕಲಿತ ವಿದ್ಯೆ ಅದು, ಆದರೆ ಎಲ್ಲರೂ ಕಲಿತಿಲ್ಲ.

ಟೊಮೆಟೊ ಗಾಡಿಗಳ ತೊಂದರೆ ಬೇರೆ ಬಗೆಯದು. ಬಾಡಿಯ ಮಟ್ಟ ಮೀರಿ ಪೇರಿಸಿದ ಕ್ರೇಟುಗಳು ಮೊದಲ ಕೆಲವು ಉಬ್ಬುಗಳಲ್ಲೇ ಕುಸಿದು ಕೂರುತ್ತವೆ, ಹೊರಡುವಾಗ ತಂತಿಯಂತಿದ್ದ ಹಗ್ಗ ಜೋತುಬೀಳುತ್ತದೆ. ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿಯದಿದ್ದರೆ ಮೊದಲು ಕಟ್ಟಿದ್ದೂ ವ್ಯರ್ಥ. ಬೆಳಗಾಗುವುದರೊಳಗೆ ಚೆನ್ನೈ ಮುಟ್ಟಬೇಕೆಂದು ಹೇಳಿಸಿಕೊಂಡವನು ನಿಲ್ಲಿಸುವುದು ಎಲ್ಲಿಂದ ಬಂತು!

ಮೋಟಾರು ವಾಹನ ಕಾಯಿದೆಯ 194ನೇ ಸೆಕ್ಷನ್‌ಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಅಧಿಕ ಭಾರಕ್ಕೆ 20,000 ರೂಪಾಯಿ ಮತ್ತು ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಸರಕು ಬಾಡಿಯಿಂದ ಆಚೆಗೆ ಚಾಚಿಕೊಂಡಿದ್ದರೂ 20,000 ರೂಪಾಯಿ. ಸರಿಯೇ. ಆದರೆ ಸಡಿಲ ಹಗ್ಗವನ್ನು ಲಾರಿ ತೂಗುವ ವೇ ಬ್ರಿಡ್ಜ್ ತೋರಿಸುವುದಿಲ್ಲ. ಮಾರುಕಟ್ಟೆಯ ಗೇಟಿನಲ್ಲೇ ಯಾರಾದರೂ ಹಗ್ಗ ಎಳೆದು ನೋಡುವ ಪದ್ಧತಿ ಬರಬೇಕು, ಹಗ್ಗದ ಬದಲು, ಹಿಡಿಕೆ ಎಳೆದು ಬಿಗಿಯುವ ರ್‍ಯಾಚೆಟ್ ಬೆಲ್ಟ್ ಬಳಕೆಗೆ ಬರಬೇಕು. ಅದರ ಖರ್ಚನ್ನು, ಬಾಡಿಗೆ ಗೊತ್ತುಮಾಡುವಾಗಲೇ, ಸರಕು ಕೊಂಡ ವರ್ತಕರು ಭರಿಸಲಿ. ಬೆಲೆ ಬಿದ್ದ ದಿನ ಕ್ರೇಟಿನ ಬಾಡಿಗೆಯೂ ಹುಟ್ಟದ ರೈತನ ಲೆಕ್ಕಕ್ಕೆ ಇದನ್ನೂ ಬರೆಯುವುದನ್ನು ನಾನಂತೂ ಒಪ್ಪಲಾರೆ.